ಸೈಡ್‌ಕಾರ್ ರೇಸಿನ ಜೋಡಿ

ಸೈಡ್‌ಕಾರ್ ರೇಸಿನಲ್ಲಿ ಗಾಡಿ ಒಂದು, ಚಕ್ರ ಮೂರು, ಜನ ಇಬ್ಬರು. ಚಾಲಕರು ಮಂಡಿಯೂರಿ, ಮುಂದಕ್ಕೆ ಬಾಗಿ ಹ್ಯಾಂಡಲ್ ಹಿಡಿಯುತ್ತಾರೆ. ಜೊತೆಗಾರರನ್ನು ‘ಪ್ಯಾಸೆಂಜರ್’ ಎನ್ನುವುದು ಹೆಸರಿಗಷ್ಟೇ. ಕೂರಲು ಸೀಟೇ ಇಲ್ಲ, ಇರುವುದು ಸಪಾಟು ಹಲಗೆ, ಕೆಲವು ಹಿಡಿಕೆ. ಒಂದು ತಿರುವಿನಲ್ಲಿ ನೆಲ ಸವರುವಷ್ಟು ಹೊರಕ್ಕೆ ಜೋತುಬಿದ್ದು, ಮತ್ತೊಂದರಲ್ಲಿ ಹಿಂಚಕ್ರದ ಮೇಲೆ ಒರಗಿ ಗಾಡಿ ಮಗುಚದಂತೆ ತೂಕ ಹೊಂದಿಸುವ ಕೆಲಸ ಅವರದು.

ಐಲ್ ಆಫ್ ಮ್ಯಾನ್ ದ್ವೀಪದ ‘ಟಿಟಿ’ ಮೋಟಾರ್‌ಸೈಕಲ್ ರೇಸಿನಲ್ಲಿ ಸೈಡ್‌ಕಾರ್ ಸ್ಪರ್ಧೆ ಆರಂಭವಾದದ್ದು 1923ರಲ್ಲಿ. ಚಾಲಕ ಫ್ರೆಡ್ಡಿ ಡಿಕ್ಸನ್ ಗೆದ್ದರು. 1949ರಲ್ಲಿ ಸೈಡ್‌ಕಾರ್ ರೇಸಿನ ಮೊದಲ ವಿಶ್ವ ಚಾಂಪಿಯನ್ ಪಟ್ಟ ಎರಿಕ್ ಆಲಿವರ್, ಡೆನಿಸ್ ಜೆಂಕಿನ್‌ಸನ್ ಜೋಡಿಗೆ ಸಂದಿತು. 2023ರಲ್ಲಿ ಬೆನ್ ಮತ್ತು ಟಾಮ್ ಬರ್ಚಲ್ ಸಹೋದರರು ಟಿಟಿಯ ಸುಮಾರು 60 ಕಿ.ಮೀ. ಸುತ್ತನ್ನು ಗಂಟೆಗೆ 120 ಮೈಲಿಗೂ ಮೀರಿದ ಸರಾಸರಿ ವೇಗದಲ್ಲಿ ಮುಗಿಸಿದರು. ಟಿಟಿಯಲ್ಲಿ ಸೈಡ್‌ಕಾರ್ ಆ ಸರಾಸರಿ ವೇಗ ಮುಟ್ಟಿದ್ದು ಅದೇ ಮೊದಲು.