ಗಾಳಿಗೆ ಎದುರಾಗಿ ನಡಿ

ನಮ್ಮ ಹಾವೇರಿ ಕಡೆ ಕೃಷ್ಣಮೃಗಕ್ಕೆ ಚಿಗರಿ ಅಂತಾರೆ. ಅದರ ಜಾಡು ಹಿಡಿಯೋದನ್ನ ನನಗೆ ಕಲಿಸಿದ್ದು ಅಜ್ಜ: "ಗಾಳಿಗೆ ಎದುರಾಗಿ ನಡಿ. ಹೆಜ್ಜಿ ಅಂಚು ಚೂಪಿದ್ರ ಈಗಷ್ಟ ಹೋಗೇತಿ. ಹಿಕ್ಕಿ ಗುಂಪಿ ಕಂಡ್ರ ಸುಮ್ನ ಕುಂದ್ರು, ಗಂಡು ಅಲ್ಲಿಗೇ ತಿರುಗಿ ಬರ್ತೈತಿ."

ಅವರ ಹರೆಯದಲ್ಲಿ ಈ ವಿದ್ಯೆ ಬೇಟೆಗಿತ್ತು. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ಅಪರಾಧ ಮಾಡಿತು. 1974ರಲ್ಲಿ ರಾಣೇಬೆನ್ನೂರಿನ 119 ಚದರ ಕಿ.ಮೀ. ಅಭಯಾರಣ್ಯವಾಯ್ತು. ಆದರೆ ಆ ಬಯಲಿನ ಬಹಳಷ್ಟು ಕಡೆ ನೀಲಗಿರಿ ನೆಟ್ಟಾಗಿತ್ತು. ಹುಲ್ಲು ಬೇಕಾದ ಚಿಗರಿ ನಮ್ಮ ಗೋವಿನಜೋಳದ ಎಳೆ ಪೈರಿಗೆ ಬಂತು.

ಈಗ ಅಪ್ಪ ಅದೇ ಜಾಡು ನೋಡಿ, ಯಾವ ಬದುವಿನಲ್ಲಿ ಕಾಯಬೇಕು ಅಂತ ಲೆಕ್ಕ ಹಾಕ್ತಾರೆ. ಕೈಯಲ್ಲಿ ಬಂದೂಕಿಲ್ಲ, ಬ್ಯಾಟರಿ ಇದೆ. ಚಿಗರಿಯನ್ನ ಉಳಿಸಿದ್ದು ಕಾಯ್ದೆ, ನಿಜ. ಅದರ ಊಟದ ಬಿಲ್ ಕಟ್ಟುತ್ತಿರೋದು ಮಾತ್ರ ಅಪ್ಪ.