ವಿಷಕ್ಕೊಂದು ಮಿತಿ

‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಇದನ್ನೇ ತಿರುಗಿಸಿ ಕೇಳಿದರೆ ಹೇಗೆ? ಎಷ್ಟು ಕಡಿಮೆಯಾದರೆ ವಿಷವು ವಿಷವಲ್ಲ? ಮೇಲುನೋಟಕ್ಕೆ ಇದು ಬರಿಯ ಮಾತಿನ ಚಮತ್ಕಾರದಂತೆ ತೋರಬಹುದು. ಆದರೆ ಈ ಪ್ರಶ್ನೆಗೆ ಅಂಕೆಯಲ್ಲಿ ಉತ್ತರ ಬರೆದಿಟ್ಟು, ಆ ಅಂಕೆಯ ಆಸರೆಯಲ್ಲಿ ದಿನಕ್ಕೆ ಎಂಟು ಗಂಟೆ ಉಸಿರಾಡುವ ಜನರುಂಟು. ಕ್ರಿಮಿನಾಶಕಗಳನ್ನು ತಯಾರಿಸುವ ಕಾರ್ಖಾನೆಗಳ ಕೆಲಸಗಾರರೇ ಅವರು. ಅಂತಹ ಒಂದು ಅಂಕೆಯ ಚರಿತ್ರೆಯನ್ನು ಓದುಗರ ಮುಂದಿಡುತ್ತೇನೆ.

ಅಮೆರಿಕದಲ್ಲಿ 1950ರ ದಶಕದ ನಡುವೆ ಒಂದು ಹೊಸ ಔಷಧ ಬಳಕೆಗೆ ಬಂದಿತು. ಡೈಬ್ರೋಮೋಕ್ಲೋರೋಪ್ರೊಪೇನ್ ಎಂಬುದು ಅದರ ಹೆಸರು; ನಾಲಿಗೆಗೆ ತೊಡಕಾದುದರಿಂದ ಲೋಕವು ಡಿ.ಬಿ.ಸಿ.ಪಿ. ಎಂದು ಕರೆಯಿತು. ಬಾಳೆ, ಅನಾನಸು, ದ್ರಾಕ್ಷಿ, ಪೀಚ್ ಮುಂತಾದ ಗಿಡಗಳ ಬೇರನ್ನು ಹಾಳುಮಾಡುವ ಸೂಕ್ಷ್ಮ ಜಂತುಹುಳುಗಳನ್ನು ಇದು ಮಣ್ಣಿನಲ್ಲಿಯೇ ಕೊಲ್ಲುತ್ತಿತ್ತು. ಡೌ ಮತ್ತು ಶೆಲ್ ಕಂಪೆನಿಗಳು ಇದನ್ನು ಮಾರಾಟಕ್ಕೆ ತಂದವು. ರೈತರಿಗೆ ಫಲ ಕಂಡಿತು, ಬೇಡಿಕೆ ಬೆಳೆಯಿತು.

ವಿಷವನ್ನು ಪರೀಕ್ಷಿಸದೆ ಬಿಟ್ಟರೆಂದು ತಿಳಿಯಬೇಡಿ. ಇಲಿಗಳ ಮೇಲೆ ಪ್ರಯೋಗ ನಡೆಯಿತು. 1961ರಲ್ಲಿ ಫಲಿತಾಂಶ ಅಚ್ಚಾಯಿತು. ಪರೀಕ್ಷಿಸಿದ ಅತ್ಯಲ್ಪ ಪ್ರಮಾಣವೆಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ವಿಷದ 5 ಭಾಗ. ಅಷ್ಟರಲ್ಲಿಯೂ ಗಂಡು ಇಲಿಗಳ ವೃಷಣಗಳು ಕುಗ್ಗಿದ್ದವು. ಆದುದರಿಂದ ಕೆಲಸದ ಸ್ಥಳದ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 1 ಭಾಗವನ್ನು ಮೀರಬಾರದೆಂದು ವಿಜ್ಞಾನಿಗಳು ಸಲಹೆಯಿತ್ತರು. ಐದರಲ್ಲಿ ಹಾನಿ ಕಂಡುದು ನಿಜ. ಒಂದರಲ್ಲಿ ಹಾನಿಯಿಲ್ಲವೆಂದು ಯಾವ ಇಲಿಯೂ ಸಾಕ್ಷಿ ಹೇಳಿರಲಿಲ್ಲ. ಅದು ಊಹೆ. ಆದರೆ ಅಚ್ಚಿನಲ್ಲಿ ಬಂದ ಊಹೆಗೆ ಬಹುಬೇಗ ಶಾಸ್ತ್ರದ ಗೌರವ ದೊರೆಯುತ್ತದೆ.

ಹದಿನಾರು ವರ್ಷ ಕಳೆಯಿತು. ಕ್ಯಾಲಿಫೋರ್ನಿಯದ ಲ್ಯಾಥ್ರಪ್ ಎಂಬ ಊರಿನಲ್ಲಿದ್ದ ಆಕ್ಸಿಡೆಂಟಲ್ ಕಂಪೆನಿಯ ಕಾರ್ಖಾನೆಯಲ್ಲಿ ಈ ಔಷಧವನ್ನು ತಯಾರಿಸುತ್ತಿದ್ದರು. ಅಲ್ಲಿನ ಕೆಲಸಗಾರರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುತ್ತ ಒಂದು ಸಂಗತಿಯನ್ನು ಗಮನಿಸಿದರು: ತಮ್ಮ ವಿಭಾಗದವರ ಮನೆಗಳಲ್ಲಿ ತೊಟ್ಟಿಲು ತೂಗುವುದೇ ಅಪರೂಪವಾಗಿದೆ! ಇಂತಹ ಮಾತನ್ನು ಹೊರಗೆ ಆಡಲು ಯಾವ ಗಂಡಸಿಗೂ ಸಂಕೋಚವೇ. ಅವರು ಸಂಕೋಚ ಬಿಟ್ಟು, ತಮ್ಮ ಸಂಘದ ಮೂಲಕ ಪರೀಕ್ಷೆಯನ್ನು ಬೇಡಿದರು. 1977ರಲ್ಲಿ ಡಾಕ್ಟರ್ ಡೊನಾಲ್ಡ್ ವೋರ್ಟನ್ ಮತ್ತು ಸಂಗಡಿಗರು ಪರೀಕ್ಷೆ ನಡೆಸಿದರು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಕೆಲಸ ಮಾಡದವರ ವೀರ್ಯಾಣುಗಳ ಸಂಖ್ಯೆ ಸರಿಯಾಗಿತ್ತು. ಮೂರು ವರ್ಷ ದುಡಿದವರಲ್ಲಿ ಅದು ತೀರ ಇಳಿದಿತ್ತು, ಕೆಲವರಲ್ಲಿ ಇಲ್ಲವೇ ಇಲ್ಲ. ಆ ಕಾರ್ಖಾನೆಯ ಗಾಳಿಯಲ್ಲಿದ್ದ ವಿಷವೆಷ್ಟು? ಅಳೆದಾಗ ಸಿಕ್ಕಿದ್ದು ಹತ್ತು ಲಕ್ಷಕ್ಕೆ ಸುಮಾರು 0.4 ಭಾಗ, ಸಲಹೆಯ ಮಿತಿಯೊಳಗೇ! ಮೇಲಾಗಿ ಈ ವಿಷ ಚರ್ಮದ ಮೂಲಕವೂ ಮೈಗೆ ಇಳಿಯುವಂತಹುದು. ಗಾಳಿಯ ಲೆಕ್ಕಕ್ಕೆ ಆ ದಾರಿ ಕಾಣುವುದಿಲ್ಲ.

ಬಳಿಕ ಸರ್ಕಾರ ಚುರುಕಾಯಿತು. ಕೆಲಸಗಾರರ ಸುರಕ್ಷತೆಯನ್ನು ನೋಡಿಕೊಳ್ಳುವ ಅಮೆರಿಕದ ಕೇಂದ್ರ ಇಲಾಖೆಯು 1977ರ ಸೆಪ್ಟೆಂಬರಿನಲ್ಲಿ ತುರ್ತು ಆಜ್ಞೆ ಹೊರಡಿಸಿ, ಮಿತಿಯನ್ನು ನೂರು ಕೋಟಿ ಭಾಗ ಗಾಳಿಗೆ 10 ಭಾಗವೆಂದು ಇಳಿಸಿತು. ಪೀಚ್ ಬೆಳೆಗಾರರ ರಾಷ್ಟ್ರೀಯ ಮಂಡಳಿಯಿಂದ ಆ ಇಲಾಖೆಗೆ ಒಂದು ಕಾಗದ ಬಂದಿತು: ಇನ್ನು ಮಕ್ಕಳು ಬೇಡವೆನ್ನುವ ವಯಸ್ಸಾದವರನ್ನು ಈ ಕೆಲಸಕ್ಕೆ ಇಡಬಹುದಲ್ಲವೆ, ಎಂದು ಅದರ ತಾತ್ಪರ್ಯ. ಆದರೆ ಈ ವಿಷ ಪ್ರಾಣಿಗಳಲ್ಲಿ ಕ್ಯಾನ್ಸರನ್ನೂ ತರುವುದೆಂದು ಪ್ರಯೋಗಗಳು ತೋರಿಸಿದ್ದವು. ಅದಕ್ಕೆ ವೃದ್ಧರು, ಯುವಕರು ಎಂಬ ಭೇದವುಂಟೆ? 1978ರ ಮಾರ್ಚಿನಲ್ಲಿ ಸ್ಥಿರವಾದ ಮಿತಿ ಗೊತ್ತಾಯಿತು: ನೂರು ಕೋಟಿಗೆ ಒಂದೇ ಭಾಗ. 1961ರ ಸಲಹೆಗೆ ಹೋಲಿಸಿದರೆ ಸಾವಿರಕ್ಕೊಂದು ಪಾಲು! 1979ರಲ್ಲಿ, ಹವಾಯಿಯ ಅನಾನಸು ತೋಟಗಳ ಹೊರತು, ಆ ದೇಶದಲ್ಲಿ ಬಳಕೆಯೇ ನಿಂತಿತು.

ಆದರೆ ಒಂದು ದೇಶದ ಆಜ್ಞೆ ಸಮುದ್ರವನ್ನು ದಾಟುವುದಿಲ್ಲ. ಮಧ್ಯ ಅಮೆರಿಕದ ಕೋಸ್ಟರಿಕದ ಬಾಳೆತೋಟಗಳಲ್ಲಿ 1977ರ ಬಳಿಕವೂ ಕೆಲಕಾಲ ಇದೇ ಔಷಧ ಮಣ್ಣಿಗೆ ಬಿದ್ದಿತು. ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸಂತಾನಶಕ್ತಿಯನ್ನು ಕಳೆದುಕೊಂಡರು. ಲ್ಯಾಥ್ರಪ್ಪಿನವರಲ್ಲಿ ಕೆಲವರು ಕೆಲಸ ಬಿಟ್ಟ ಮೇಲೆ ಚೇತರಿಸಿಕೊಂಡರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ.

ನಮ್ಮ ಭಾಷೆಯಲ್ಲಿ ‘ಪ್ರಮಾಣ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ಅಳತೆ; ಇನ್ನೊಂದು, ಆಧಾರ. ಎರಡಕ್ಕೂ ಧಾತು ಒಂದೇ. 1961ರ ಅಂಕೆಯಲ್ಲಿ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಆ ಕೊರತೆ ಬೆಳಕಿಗೆ ಬಂದುದು ಪ್ರಯೋಗಶಾಲೆಯಿಂದಲ್ಲ. ದುಡಿಯುವವರು ತಮ್ಮ ಮನೆಯ ದುಃಖವನ್ನು ಬಾಯಿಬಿಟ್ಟು ಹೇಳಿಕೊಂಡುದರಿಂದ. ಇನ್ನು ಮುಂದೆ ಯಾವುದಾದರೂ ವಿಷವು ‘ಮಿತಿಯೊಳಗೇ ಇದೆ’ ಎಂಬ ಮಾತು ಕಿವಿಗೆ ಬಿದ್ದರೆ, ಓದುಗರು ಒಂದು ಪ್ರಶ್ನೆಯನ್ನು ಕೇಳುವಂತಾಗಲಿ: ಆ ಮಿತಿಯನ್ನು ಇಟ್ಟವರು ಯಾರನ್ನು ನೋಡಿ ಇಟ್ಟರು?