ಶಾಲೆಯ ಅಂಗಳದಿಂದ ಗಂಜಾಮಿನವರೆಗೆ

ಶತಮಾನೋತ್ಸವದ ಈ ಸಂದರ್ಭದಲ್ಲಿ ನಾವು ಸಹಜವಾಗಿಯೇ ಬಲಿಪೀಠವನ್ನು, ಗೋಪುರವನ್ನು, ಗಂಟೆಯನ್ನು, ಇಲ್ಲಿ ಸೇವೆ ಸಲ್ಲಿಸಿ ಅಗಲಿದ ಗುರುಗಳನ್ನು ಸ್ಮರಿಸುತ್ತೇವೆ. ಆದರೆ ನಮ್ಮ ದೇವಾಲಯದ ಹೊಸ್ತಿಲನ್ನು ಒಮ್ಮೆಯೂ ದಾಟದ ನೂರಾರು ಕುಟುಂಬಗಳು ಈ ಸೀಮೆಯಲ್ಲಿವೆ. ಅವರಿಗೆ ನಾವು ಪರಿಚಿತರಾದುದು ಪಕ್ಕದ ಪ್ರಾಥಮಿಕ ಶಾಲೆಯಿಂದ. ದೇವಾಲಯದ ಗಂಟೆ ನಮಗೆ ತ್ರಿಕಾಲ ಪ್ರಾರ್ಥನೆಯ ಕರೆಯಾದರೆ ಅವರಿಗೆ ಮಕ್ಕಳನ್ನು ಶಾಲೆಗೆ ಹೊರಡಿಸುವ ಹೊತ್ತಿನ ಸೂಚನೆ. ಆದುದರಿಂದ ಶಾಲೆಯ ಕಥೆಯನ್ನು ಹೇಳದೆ ಧರ್ಮಕೇಂದ್ರದ ಕಥೆಯನ್ನು ಹೇಳಿದರೆ ಅದು ಅರ್ಧ ಚರಿತ್ರೆ ಮಾತ್ರವಾದೀತು.

ಈ ನಾಡಿನಲ್ಲಿ ಕ್ರೈಸ್ತ ಬೋಧನೆಯ ಬೇರು ಆಳವಾದುದು. 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. ಅವರು ಮೊದಲು ಮಾಡಿದ ಕೆಲಸ ಕನ್ನಡವನ್ನು ಕಲಿತದ್ದು. ಕಲಿಸಲು ಬಂದವನು ಮೊದಲು ಕಲಿಯಬೇಕೆಂಬ ಪಾಠ ಅಲ್ಲಿಂದಲೇ ಆರಂಭವಾಯಿತು. 1773ರಲ್ಲಿ ಯೇಸುಸಭೆ ರದ್ದಾದ ಬಳಿಕ ದಕ್ಷಿಣದ ಮಿಷನ್ನುಗಳ ಹೊಣೆ ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಗುರುಗಳಿಗೆ ಬಂದಿತು. 1844ರಲ್ಲಿ ಪಾಂಡಿಚೇರಿಯಲ್ಲಿ ನಡೆದ ಸಿನೊದ್ ಸಭೆ ದೇಶೀಯ ಗುರುಗಳ ತರಬೇತಿಗೂ ಶಾಲೆಗಳ ಸ್ಥಾಪನೆಗೂ ಆದ್ಯತೆ ನೀಡಿತು. ಮೈಸೂರು 1850ರಲ್ಲಿ ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಗಿ, 1886ರಲ್ಲಿ ಜಗದ್ಗುರು 13ನೆಯ ಲಿಯೊರವರ ಕಾಲದಲ್ಲಿ ಧರ್ಮಪ್ರಾಂತ್ಯವಾಯಿತು. ಇತ್ತ ಸರ್ಕಾರವೂ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಕೈಗೊಂಡಿತು. ಹಳ್ಳಿಗಳಲ್ಲಿ ಜ್ಞಾನೋಪದೇಶ ಹೇಳಿಕೊಡುತ್ತಿದ್ದ ಉಪದೇಶಿಯೇ ಎಷ್ಟೋ ಕಡೆ ಅಕ್ಷರ ತಿದ್ದಿಸುವ ಮೇಷ್ಟ್ರೂ ಆಗಿದ್ದನು. ಜಗುಲಿಯ ಮೇಲೆ ಮರಳಿನಲ್ಲಿ ಬರೆದ ಅಕ್ಷರ ಸ್ಲೇಟಿಗೆ ಬಂದು, ಸ್ಲೇಟಿನಿಂದ ಪುಸ್ತಕಕ್ಕೆ ಏರಿತು.

ಶಾಲೆಯ ದಿನಚರಿಯನ್ನು ನಮ್ಮ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಬೆಳಗಿನ ಪ್ರಾರ್ಥನೆ, ಉಗುರು ತಲೆಗಳ ತಪಾಸಣೆ, ಒಕ್ಕೊರಲಿನ ಮಗ್ಗಿ, ಮಧ್ಯಾಹ್ನ ಬೇವಿನ ಮರದಡಿಯ ಬುತ್ತಿ. 1960ರ ದಶಕದಲ್ಲಿ ಕಲಿತವರಿಗೆ ಅಮೆರಿಕದಿಂದ ಬಂದ ಗೋಧಿಯ ಉಪ್ಪಿಟ್ಟು, ಪುಡಿಹಾಲುಗಳ ಘಮ ಇಂದಿಗೂ ನೆನಪಿದ್ದೀತು. ಕ್ರೈಸ್ತ ಮಕ್ಕಳು ಜ್ಞಾನೋಪದೇಶಕ್ಕೆ ಕುಳಿತ ಹೊತ್ತಿನಲ್ಲಿ ಉಳಿದವರಿಗೆ ನೀತಿಪಾಠ. ಒಕ್ಕಲಿಗರು, ದಲಿತರು, ಮುಸಲ್ಮಾನರು, ಬೆಸ್ತರು, ಕ್ರೈಸ್ತರು, ಎಲ್ಲರ ಮಕ್ಕಳೂ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತರು.

ಬೆಂಚಿನ ಮೇಲೆ ಒಟ್ಟಿಗೆ ಕುಳಿತವರು ಊಟಕ್ಕೂ ಒಟ್ಟಿಗೆ ಕುಳಿತರೇ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಶಿಬಿರಗಳಲ್ಲಿ. ದಸರೆಯ ರಜೆಯಲ್ಲೋ ಸಂಕ್ರಾಂತಿಯ ಸುಗ್ಗಿ ಮುಗಿದ ಮೇಲೋ ಕಬ್, ಬುಲ್‌ಬುಲ್ ಮಕ್ಕಳಿಗೆ ಎರಡು ದಿನಗಳ ಶಿಬಿರ ನಡೆಯುವುದು ಇಂತಹ ಶಾಲೆಗಳ ವಾಡಿಕೆ. ಗುಂಪಿಗೊಂದು ಕೆಲಸ: ಒಂದು ಗುಂಪು ನೀರು ಹೊರಬೇಕು, ಒಂದು ತರಕಾರಿ ಹೆಚ್ಚಬೇಕು, ಒಂದು ಅಂಗಳ ಗುಡಿಸಬೇಕು, ಒಂದು ಬಡಿಸಬೇಕು. ಮರುದಿನ ಕೆಲಸ ಬದಲಾಗುವುದು. ಯಾವ ಮನೆಯ ಮಗು ಯಾವ ಮನೆಯ ಮಗುವಿಗೆ ನೀರು ಕೊಟ್ಟಿತು ಎಂದು ಅಲ್ಲಿ ಯಾರೂ ಲೆಕ್ಕವಿಡುವುದಿಲ್ಲ. ಪಂಕ್ತಿಭೇದವನ್ನು ಕಂಡ ನಮ್ಮ ಹಳ್ಳಿಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಹತ್ತು ಪ್ರಬೋಧನೆಗಳು ಮಾಡದ ಕೆಲಸವನ್ನು ಒಂದು ಹಂಡೆ ಸಾರು ಮಾಡಬಲ್ಲುದು.

ಶಿಬಿರದಂತೆಯೇ ತರಗತಿ ಪ್ರವಾಸವೂ ಪಾಠವೇ. ದೇವರು ನಮ್ಮ ಸೀಮೆಯನ್ನು ತೆರೆದ ಪುಸ್ತಕದಂತೆ ಇರಿಸಿದ್ದಾನೆ. ಪಾಂಡವಪುರದ ಕುಂತಿಬೆಟ್ಟವನ್ನು ಹತ್ತಿದ ಮಗುವಿಗೆ ಬಂಡೆಯ ಪಾಠ ಬೇರೆ ಬೇಡ. ತೊಣ್ಣೂರು ಕೆರೆಯ ಏರಿಯ ಮೇಲೆ ನಿಂತರೆ ಹಿಂದಿನವರು ನೀರನ್ನು ಹೇಗೆ ಕಟ್ಟಿ ನಿಲ್ಲಿಸಿದರೆಂಬುದು ತಿಳಿಯುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಉದ್ದ 8,600 ಅಡಿ. ಅದನ್ನು ಕಂಡಾಗ ಮಂಡ್ಯದ ಕಬ್ಬು ಭತ್ತಗಳಷ್ಟೇ ಅಲ್ಲದೆ, ನೀರಿನಡಿ ಮುಳುಗಿದ ಊರುಗಳೂ ಮಕ್ಕಳಿಗೆ ನೆನಪಾಗಬೇಕು. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು, ಕೃಷ್ಣರಾಜಪೇಟೆ ಬಳಿಯ ಹೊಸಹೊಳಲಿನ ಹೊಯ್ಸಳ ಶಿಲ್ಪ, ನಾಗಮಂಗಲದ ಹಿತ್ತಾಳೆ ಕೆಲಸ, ಇವೆಲ್ಲ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮರಳಬಹುದಾದ ದೂರದಲ್ಲಿವೆ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದುದು ಏಕೆಂದು ಕೇಳುವ ಮಗುವಿಗೆ, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರೆಂದು ಹೇಳುತ್ತೇವೆ.

ಇಲ್ಲಿಂದಲೇ ಪಾಠ ಕಠಿಣವಾಗುತ್ತದೆ. ಶ್ರೀರಂಗಪಟ್ಟಣದ ದ್ವೀಪಕ್ಕೆ ಮಕ್ಕಳನ್ನು ಕರೆದೊಯ್ಯುವ ಕ್ರೈಸ್ತ ಶಾಲೆ 1784ರ ಸಂಗತಿಯನ್ನು ಏನೆಂದು ಹೇಳಬೇಕು? ಆ ವರ್ಷದ ಬೂದಿ ಬುಧವಾರದ ಸುಮಾರಿಗೆ ಕೆನರಾ ಸೀಮೆಯ ಕಥೋಲಿಕರನ್ನು ಬಂಧಿಸಿ, ಘಟ್ಟ ಹತ್ತಿಸಿ ಈ ಪಟ್ಟಣಕ್ಕೆ ತರಲಾಯಿತು. ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಟಿಪ್ಪುವಿನ ಆರೋಪವಾಗಿತ್ತು. ಬಂದಿಗಳ ಸಂಖ್ಯೆಯ ವಿಷಯದಲ್ಲಿ ಬರೆದವರೊಳಗೆ ಒಮ್ಮತವಿಲ್ಲ. 30,000 ಎಂದವರೂ ಇದ್ದಾರೆ, 60,000 ಎಂದವರೂ ಇದ್ದಾರೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಅನೇಕರು ಬಲವಂತದ ಮತಾಂತರಕ್ಕೆ ಗುರಿಯಾದರು. ಉಳಿದವರಿಗೆ ಬಿಡುಗಡೆಯಾದುದು 1799ರಲ್ಲಿ. ಆದರೆ ನಮ್ಮ ತರಗತಿಯಲ್ಲಿ ಈ ಕಥೆಯನ್ನು ಕೇಳುವ ಮಕ್ಕಳ ನಡುವೆ ಪಟ್ಟಣದ ಮುಸಲ್ಮಾನ ಮನೆತನದ ಮಗುವೂ ಕುಳಿತಿರುತ್ತದೆ.

ಎರಡು ಸುಲಭ ದಾರಿಗಳಿವೆ. ಹೇಳದೆ ಮುಚ್ಚಿಡುವುದು ಒಂದು. ಕಹಿ ಬೆರೆಸಿ ಹೇಳುವುದು ಮತ್ತೊಂದು. ಮೊದಲನೆಯದು ನೊಂದವರಿಗೆ ಮಾಡುವ ಅನ್ಯಾಯ, ಎರಡನೆಯದು ನಮ್ಮೆದುರಿಗಿರುವ ಮಗುವಿಗೆ ಮಾಡುವ ಅನ್ಯಾಯ. ಆದುದರಿಂದ ಪೂರ್ತಿಯಾಗಿ ಹೇಳುವುದೇ ಸರಿಯೆಂದು ನಾವು ನಂಬಿದ್ದೇವೆ. ಕಥೋಲಿಕರನ್ನು ಸೆರೆಗೆ ತಂದ ಅರಸನೇ 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅಲ್ಲಿನ ಗುರುಗಳಿಗೆ ಪತ್ರ ಬರೆದು ನೆರವು ಕಳುಹಿಸಿದನು. ಅವನ ದಂಡಿನಲ್ಲಿದ್ದ ಫ್ರೆಂಚರೂ ನಮ್ಮ ಧರ್ಮದ ದೇಶದಿಂದಲೇ ಬಂದವರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಪಟ್ಟಣವನ್ನು ಸೂರೆಗೊಂಡ ಸೈನಿಕರು ಕ್ರೈಸ್ತ ದೊರೆಯ ಬಾವುಟದಡಿ ಬಂದವರು. ಇವೆಲ್ಲವನ್ನೂ ಒಟ್ಟಿಗೆ ಕೇಳಿದ ಮಗು, ಪಾಪವು ಯಾವೊಂದು ಜಾತಿಯ ಆಸ್ತಿಯೂ ಅಲ್ಲವೆಂಬುದನ್ನು ತಾನಾಗಿ ಅರಿಯುತ್ತದೆ. ತಂದೆಯ ದೋಷವನ್ನು ಮಗನ ತಲೆಗೆ ಕಟ್ಟುವ ವಾದವನ್ನು ಪ್ರವಾದಿ ಯೆಜೆಕಿಯೇಲನೇ ತಳ್ಳಿಹಾಕಿದ್ದಾನಲ್ಲವೇ?

ಆಮೇಲೆ ನಾವು ಗುಂಬಜಿಗೆ ಹೋಗುತ್ತೇವೆ. ಪಾದರಕ್ಷೆಗಳನ್ನು ಕಳಚಿ, ಮೌನವಾಗಿ, ಗೋರಿಗಳಿಗೆ ಸಲ್ಲಬೇಕಾದ ಗೌರವದಿಂದ. ಅಲ್ಲಿಂದ ಗಂಜಾಮಿನ ದೇವಾಲಯಕ್ಕೆ. ಕೋಟೆ ಬಿದ್ದ ಬಳಿಕ, ಚದುರಿದ ಕಥೋಲಿಕರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬುವಾ ಅವರ ಹೆಸರು ಈ ದೇವಾಲಯದೊಡನೆ ಬೆಸೆದುಕೊಂಡಿದೆ. 1792ರಲ್ಲಿ ಭಾರತಕ್ಕೆ ಬಂದ ಅವರು ಈ ನಾಡಿನ ಉಡುಪನ್ನು ತೊಟ್ಟು, ಇಲ್ಲಿಯ ಆಹಾರವನ್ನುಂಡು, ಜನರಿಂದ ದೊಡ್ಡ ಸ್ವಾಮಿಯವರೆನಿಸಿಕೊಂಡರು. ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದಾಗ ತಮ್ಮ ಮತಬೋಧನೆಯ ಫಲದ ಬಗ್ಗೆ ನಿರಾಶರಾಗಿಯೇ ಬರೆದರು. ಆದರೆ ಅವರ ಇನ್ನೊಂದು ಕೆಲಸದ ಲೆಕ್ಕವಿದೆ. ಜೆನ್ನರನ ಸಿಡುಬಿನ ಲಸಿಕೆ ಭಾರತಕ್ಕೆ ತಲುಪಿದುದು 1802ರಲ್ಲಿ. 1803-04ರ ಕೆಲವೇ ತಿಂಗಳುಗಳಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸೀಮೆಯಲ್ಲಿ ಲಸಿಕೆ ಹಾಕಿಸಿಕೊಂಡವರು 25,432 ಮಂದಿ. ಆ ತೋಳುಗಳಲ್ಲಿ ಹಿಂದೂಗಳವು ಎಷ್ಟು, ಮುಸಲ್ಮಾನರವು ಎಷ್ಟು, ಕ್ರೈಸ್ತರವು ಎಷ್ಟು ಎಂದು ಸಿಡುಬು ಕೇಳಲಿಲ್ಲ, ಸ್ವಾಮಿಯವರೂ ಕೇಳಲಿಲ್ಲ. ಸೆರೆಯ ನೋವನ್ನು ಉಂಡ ನೆಲದಲ್ಲಿ, ಹಗೆಗೆ ಪ್ರತಿಯಾಗಿ ಆರೋಗ್ಯವನ್ನು ಹಂಚಿದ ಈ ಸಂಗತಿಯನ್ನು ಗಂಜಾಮಿನ ಅಂಗಳದಲ್ಲಿ ಕುಳಿತು ಹೇಳಿದಾಗ ಮಕ್ಕಳು ಬುತ್ತಿಯನ್ನೂ ಮರೆತು ಕೇಳುತ್ತಾರೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣವನ್ನು ಕುರಿತ ಘೋಷಣೆಯನ್ನೂ ಇತರ ಧರ್ಮಗಳೊಡನೆ ನಮ್ಮ ಸಂಬಂಧವನ್ನು ಕುರಿತ ಘೋಷಣೆಯನ್ನೂ ಹೊರಡಿಸಿದುದು ಒಂದೇ ದಿನ, 1965ರ ಅಕ್ಟೋಬರ್ 28ರಂದು. ಎರಡನೆಯದರಲ್ಲಿ ಮುಸಲ್ಮಾನರ ಬಗ್ಗೆ ಗೌರವದ ಮಾತಿದೆ. ಹಿಂದಿನ ಕಲಹಗಳನ್ನು ಬದಿಗಿರಿಸಿ ಪರಸ್ಪರ ತಿಳಿವಳಿಕೆಗೆ ದುಡಿಯಬೇಕೆಂಬ ಕರೆಯಿದೆ. ನಮ್ಮಂತಹ ಶಾಲೆಗಳಲ್ಲಿ ಈ ಎರಡು ಪತ್ರಗಳೂ ಒಂದೇ ಬೆಂಚಿನ ಮೇಲೆ ಕುಳಿತಿವೆ ಎಂದರೆ ತಪ್ಪಾಗದು.

ಇಂದು ಈ ಪರಂಪರೆಗೆ ಕುತ್ತು ಬಂದಿದೆ. ಕನ್ನಡ ಮಾಧ್ಯಮದ ಬೆಂಚುಗಳು ತೆರವಾಗುತ್ತಿವೆ. ಉಳ್ಳವರ ಮಕ್ಕಳು ದೂರದ ಶಾಲೆಗಳ ಹಳದಿ ಬಸ್ಸು ಹತ್ತುತ್ತಾರೆ. ಬೇರೆ ಬೇರೆ ಮನೆಗಳ ಮಕ್ಕಳು ಒಂದೆಡೆ ಕೂಡುವ ಅವಕಾಶ ಕಿರಿದಾಗುತ್ತಿದೆ. ಪ್ರವಾಸವೆಂದರೆ ನೀರಾಟದ ಉದ್ಯಾನವೆಂಬ ಭಾವನೆ ಬೆಳೆದು, ಹಣ ಕಟ್ಟಲಾಗದ ಮಗು ಆ ದಿನ ಜ್ವರವೆಂದು ಹೇಳಿ ಮನೆಯಲ್ಲಿ ಉಳಿಯುತ್ತದೆ. ಊರ ಚರಿತ್ರೆಯನ್ನು ಮೇಷ್ಟ್ರ ಬಾಯಿಂದ, ಕಲ್ಲಿನ ಎದುರು ನಿಂತು ಕೇಳದ ಮಗು ಅದನ್ನು ನಾಳೆ ಬೀದಿಯ ಘೋಷಣೆಗಳಿಂದ ಕಲಿತೀತು.

ಆದುದರಿಂದ ನೂರರ ಈ ಹೊಸ್ತಿಲಲ್ಲಿ ನಮ್ಮ ಧರ್ಮಕೇಂದ್ರದ ಬಂಧುಗಳಲ್ಲಿ ಮೂರು ಬಿನ್ನಹಗಳಿವೆ. ಉತ್ಸವದ ಕಾಣಿಕೆಯಲ್ಲಿ ಒಂದು ಪಾಲನ್ನು ಬಡ ಮಕ್ಕಳ ಪ್ರವಾಸ ಶಿಬಿರಗಳಿಗೆಂದು ಮೀಸಲಿಡೋಣ. ಯಾವ ಧರ್ಮದ ಮಗುವೇ ಆಗಲಿ, ಹಣವಿಲ್ಲವೆಂದು ಹಿಂದುಳಿಯಬಾರದು. ಹಿರಿಯರು ತಮ್ಮ ಶಾಲಾ ದಿನಗಳ ನೆನಪುಗಳನ್ನು ಬರೆಯಿಸಿ ಗುರುಮನೆಗೆ ಒಪ್ಪಿಸಲಿ. ಮತ್ತು ಮನೆಗಳಲ್ಲಿ 1784ರ ಮಾತು ಬಂದಾಗ 1803ರ ಮಾತನ್ನೂ ಸೇರಿಸಿ ಹೇಳೋಣ. ಮುಂದಿನ ನೂರು ವರ್ಷಗಳ ಹಾಜರಿ ಪುಸ್ತಕದಲ್ಲಿ ಎಲ್ಲ ಮನೆಗಳ ಹೆಸರುಗಳೂ ಒಂದರ ಕೆಳಗೊಂದು ಇರುವಂತೆ ಮಾತೆ ಮರಿಯಮ್ಮನವರು ನಮಗಾಗಿ ಬಿನ್ನವಿಸಲಿ.